ನೀರುಗಂಟಿಯ ಗಾಜು

ಹದಿನೆಂಟು ವರ್ಷದಿಂದ
ನಾಲ್ಕಡಿ ಕಬ್ಬಿಣದ ಕೀಲಿ ಹೆಗಲಿಗೆ ಹೊತ್ತು
ನಿಟುವಳ್ಳಿಯ ಓಣಿಗಳಿಗೆ ನೀರು ಬಿಡುತ್ತೇನೆ.
ಎಷ್ಟು ಸುತ್ತು ತಿರುಗಿಸಿದರೆ ಯಾವ ಕ್ರಾಸಿನಲ್ಲಿ
ಎಷ್ಟನೇ ಕೊಡ ತುಂಬುತ್ತದೆ, ಗೊತ್ತು.
ಗೊತ್ತಿರಲಿಲ್ಲ,
ಟೀಪಾಯಿಯ ಮೇಲಿನ ನಲವತ್ತು ಲೀಟರು
ಇಷ್ಟು ಪ್ರಶ್ನೆ ಕೇಳುತ್ತದೆಂದು.

ಮಂಡಿಪೇಟೆಯ ಅಕ್ಮಲ್ ಒಂದೊಂದೇ ಡಬ್ಬಿ ಇಳಿಸಿದ.
"ಇದು ಗಂಟೆಗೆ ಎಂಟುನೂರು ಲೀಟರ್ ಎತ್ತತೈತ್ರೀ,
ಒಂದೇ ಪೀಸ್ ಉಳಿದೈತಿ."
ಮನಸ್ಸಿನಲ್ಲೇ ಭಾಗಿಸಿದೆ:
ಗಂಟೆಗೆ ಇಪ್ಪತ್ತು ಸಲ ಇಡೀ ತೊಟ್ಟಿ ಗಿರಗಿರ.
ಅದು ತೊಟ್ಟಿಯಲ್ಲ, ಬಟ್ಟೆ ಒಗೆಯುವ ಮಷೀನು.
ಬೇರು ಊರದ ಎಳೆಗಿಡಕ್ಕೆ ಅಂಥ ಸೆಳವು ಯಾಕೆ?
ಮುಷ್ಟಿಗಾತ್ರದ ಸ್ಪಂಜಿನ ಫಿಲ್ಟರು ಸಾಕೆಂದೆ,
ಗುಳುಗುಳು ಅನ್ನುವಂಥದ್ದು.
ಅಗ್ಗದ್ದು ಕೇಳಿದೆನೆಂದು ಅವನ ಮುಖ ಸಣ್ಣಗಾಯಿತು.

ಹೀಟರು ತೋರಿಸಿದ.
ಇಬ್ಬರೂ ನಕ್ಕೆವು.
ಏಪ್ರಿಲ್ಲಿನ ದಾವಣಗೆರೆಯಲ್ಲಿ
ನೀರು ಕಾಯಿಸಲು ದುಡ್ಡು ಕೊಡುವವನಾರು?
ಬೇಕಿದ್ದದ್ದು ಬೀಸಣಿಗೆ.
ಹಳೇ ಕಂಪ್ಯೂಟರಿನ ಹೊಟ್ಟೆಯೊಳಗಿನ ಫ್ಯಾನು
ಗುಜರಿಯಲ್ಲಿ ಮೂವತ್ತಕ್ಕೆ ಸಿಕ್ಕಿತು.

ಬೆಳಕಿನ ಹತ್ತಿರ ಮಾತ್ರ ಸೋತೆ.
ನೀಲಿ, ಗುಲಾಬಿ, ಮದುವೆಮನೆಯ ಸೀರಿಯಲ್ ಸೆಟ್ಟಿನ ಹಾಗೆ
ಮಿಣುಕುವ ಏಳೆಂಟು ಪಟ್ಟಿ.
ಬಿಳಿ ಸಾಕು, ದಿನಕ್ಕೆ ಆರು ಗಂಟೆ.
ಜಾಸ್ತಿ ಉರಿಸಿದರೆ ಗಿಡಕ್ಕಿಂತ ಮೊದಲು ಪಾಚಿ ಉಣ್ಣುತ್ತದೆ,
ಕರೆಯದೆ ಬಂದವನು ಮೊದಲ ಪಂಕ್ತಿಗೆ ಕೂತ ಹಾಗೆ.
ಟೈಮರು ಕೊಂಡೆ. ಕರೆಂಟು ಹೋದಾಗ
ಅದರ ಗಡಿಯಾರವೂ ನಿಲ್ಲುತ್ತದೆಂದು ಅಕ್ಮಲ್ ಹೇಳಲಿಲ್ಲ.
ಈಗ ನಮ್ಮ ಗಾಜಿನೊಳಗೆ
ರಾತ್ರಿ ಒಂಬತ್ತಕ್ಕೆ ಮಟಮಟ ಮಧ್ಯಾಹ್ನ.

ಗ್ಯಾಸಿನ ಸಿಲಿಂಡರು ಎಂಟು ಸಾವಿರ. ಕೈ ಮುಗಿದು ಬಂದೆ.
ಕೊಟ್ರಮ್ಮ ಹಿಟ್ಟು ರುಬ್ಬುತ್ತಾ ಕೇಳಿದಳು:
"ಗಿಡಕ್ಕ ಬೇಕಾಗಿದ್ದು ಉಬ್ಬೋ ಗಾಳಿ ಹೌದಲ್ರಿ?
ರಾತ್ರಿಯೆಲ್ಲಾ ನನ್ನ ದೋಸೆ ಹಿಟ್ಟು ಬಿಡೋದೇನು ಮತ್ತ?"
ಖಾಲಿ ಸೋಡಾ ಬಾಟಲಿ, ಸಕ್ಕರೆ,
ಬೇಕರಿಯವನ ಚಿಟಿಕೆ ಈಸ್ಟು,
ಮೆಡಿಕಲ್ ಅಂಗಡಿಯ ಗ್ಲೂಕೋಸ್ ನಳಿಕೆ.
ಎರಡು ಸೆಕೆಂಡಿಗೊಂದು ಗುಳ್ಳೆ.
ನಳಿಕೆಯ ಚಕ್ರ ಪೂರ್ತಿ ಮುಚ್ಚಿದರೆ ಬಾಟಲಿ ಸಿಡಿಯುತ್ತದೆ;
ವಾಲ್ವಿನವನಿಗೆ ಅದನ್ನು ಯಾರೂ ಹೇಳಬೇಕಾಗಿಲ್ಲ.

ಅಡಿಗೆ ಎರಡು ಬೆರಳು ಎರೆಮಣ್ಣು, ಭಾವಮೈದುನನ ಹೊಲದ್ದು.
ಮೇಲೆ ಹರಿಹರದ ಹೊಳೆಮರಳು, ಏಳು ನೀರಲ್ಲಿ ತೊಳೆದದ್ದು.
ಚಿತ್ರದುರ್ಗದ ದಾರಿಯಲ್ಲಿ ಎತ್ತಿಕೊಂಡ ಎರಡು ಕಲ್ಲಿಗೂ
ಅರ್ಧರ್ಧ ನಿಂಬೆ ಹಿಂಡಿದೆ.
ಒಂದು ಚುರ್ರೆಂದು ನೊರೆಯೆದ್ದು ಜಗಳಕ್ಕೆ ಬಂತು.
ಸುಣ್ಣ. ನೀರನ್ನು ಗಡುಸು ಮಾಡುತ್ತದೆ.
ಅದೀಗ ಹಿತ್ತಿಲ ಬಾಗಿಲಿಗೆ ಅಡ್ಡ.
ಮಾತಾಡದ ಕಲ್ಲು ಒಳಗೆ ಹೋಯಿತು.

ಕೊನೆಗೆ ನೀರು.
ನಾನೇ ಬಿಟ್ಟ ನೀರನ್ನು ನಾನೇ ನಂಬದೆ
ಎರಡು ದಿನ ಬಕೆಟ್ಟಿನಲ್ಲಿ ತೆರೆದಿಟ್ಟೆ,
ಕ್ಲೋರಿನ್ ವಾಸನೆ ಹೋಗಲಿ ಅಂತ.
ಊರಿಗೆ ಕುಡಿಸಿದ್ದನ್ನು ಹುಲ್ಲಿಗೆ ಕುಡಿಸಲು ಹೆದರಿಕೆ.
ಕೊಟ್ರಮ್ಮ ಬಕೆಟ್ಟು ನೋಡಿದಳು, ನನ್ನನ್ನು ನೋಡಿದಳು,
ಏನೂ ಅನ್ನಲಿಲ್ಲ.
ಅವತ್ತು ರಾತ್ರಿಯಿಂದ
ನಮ್ಮ ಕುಡಿಯುವ ಕೊಡಕ್ಕೂ ಮುಚ್ಚಳವಿಲ್ಲ,
ತೆಳ್ಳನೆ ಬಟ್ಟೆ ಮಾತ್ರ.

ಬಂದವರೆಲ್ಲ ಬಗ್ಗಿ ನೋಡಿ "ಮೀನೆಲ್ಲಿ?" ಅನ್ನುತ್ತಾರೆ.
ಇಲ್ಲ. ಇನ್ನೂ ತಂದಿಲ್ಲ.
ಹುಲ್ಲಿನ ಒಂದು ಎಳೆ ಫಿಲ್ಟರಿನ ಹೊಡೆತಕ್ಕೆ
ಮೂರು ದಿನದಿಂದ ಬಾಗಿಕೊಂಡಿದೆ.
ಗಾಳಿ ನಳಿಕೆಯ ತಿರುಪು ಕಾಲು ಸುತ್ತು ಇಳಿಸಿದೆ.
ತಡೆದು, ಯೋಚಿಸಿದ ಹಾಗೆ, ಅದು ಎದ್ದಿತು.

ಅಷ್ಟರಲ್ಲಿ ಫೋನು:
ಮೂರನೇ ಕ್ರಾಸಿನ ತುದಿಮನೆಗೆ
ಇವತ್ತೂ ನೀರು ಏರಿಲ್ಲವಂತೆ.
ಕೀಲಿ ಎತ್ತಿಕೊಂಡೆ.